ಕೆಂಪು ಏಲ್: ನಾಲಗೆಯ ಸಾಕ್ಷ್ಯ ಮತ್ತು ಕಣ್ಣಿನ ಸಾಕ್ಷ್ಯ

ಬಿಯರನ್ನು ತಯಾರಿಸಿದ ಸ್ಥಳದಲ್ಲಿಯೇ ಅದನ್ನು ಗಿರಾಕಿಗಳಿಗೆ ಒದಗಿಸುವ ಬ್ರೂಪಬ್ಬುಗಳು ಬೆಂಗಳೂರಿನಲ್ಲಿ 2010ರ ದಶಕದಿಂದ ಹೆಚ್ಚುತ್ತ ಬಂದಿರುವುದು ವಾಚಕರಿಗೆ ವಿದಿತವೇ ಆಗಿದೆ. ಇವುಗಳಲ್ಲಿ ಕೆಲವು ಕಡೆ ‘ಐರಿಷ್ ರೆಡ್’ ಎಂಬ ಕೆಂಪು ಏಲ್ ದೊರೆಯುವುದುಂಟು. ಲೋಟವನ್ನು ನೋಡಿದೊಡನೆಯೇ ಇದು ಗಡುಸು, ಇದರಲ್ಲಿ ಅಮಲು ಹೆಚ್ಚು ಎನ್ನುವವರಿದ್ದಾರೆ. ಕುಡಿದ ಮೇಲೂ ಅದನ್ನೇ ಹೇಳುತ್ತಾರೆ. ಈ ತೀರ್ಪಿನಲ್ಲಿ ನಾಲಗೆಯ ಸಾಕ್ಷ್ಯವೆಷ್ಟು, ಕಣ್ಣಿನ ಸಾಕ್ಷ್ಯವೆಷ್ಟು ಎಂಬುದು ವಿಚಾರಾರ್ಹವಾಗಿದೆ.

ಮೊದಲು ಬಣ್ಣದ ಮೂಲವನ್ನು ನೋಡೋಣ. ಬಾರ್ಲಿಯನ್ನು ನೆನೆಯಿಟ್ಟು, ಮೊಳಕೆ ಬರಿಸಿ, ಬಿಸಿಗಾಳಿಯಲ್ಲಿ ಒಣಗಿಸಿದರೆ ಮಾಲ್ಟ್ ಆಗುತ್ತದೆ. ಮೊಳಕೆ ಕಟ್ಟಿದ ರಾಗಿಯನ್ನು ಒಣಗಿಸಿ ಹದವಾಗಿ ಹುರಿಯುವಾಗ ನಮ್ಮ ಅಡುಗೆಮನೆಗಳಲ್ಲಿ ಏಳುವ ಪರಿಮಳಕ್ಕೂ ಮಾಲ್ಟಿನ ಪರಿಮಳಕ್ಕೂ ಹತ್ತಿರದ ನಂಟು. ಸಕ್ಕರೆಗಳೂ ಅಮೈನೋ ಆಮ್ಲಗಳೂ ಶಾಖದಲ್ಲಿ ಕೂಡಿದಾಗ ನಡೆಯುವ ಕ್ರಿಯೆಯೇ ಎರಡಕ್ಕೂ ಮುಖ್ಯ ಕಾರಣ. ಫ್ರಾನ್ಸಿನ ಲೂಯಿ ಕಮಿಲ್ ಮೈಯಾರ್ ಎಂಬಾತನು ಇದನ್ನು 1912ರಲ್ಲಿ ವಿವರಿಸಿದನು. ಕೆಂಪು ಏಲಿನ ಬಹುಭಾಗವು ತಿಳಿಬಣ್ಣದ ಮಾಲ್ಟಿನಿಂದಲೇ ಆದದ್ದು. ಅದರೊಡನೆ ಸಾಮಾನ್ಯವಾಗಿ ನೂರಕ್ಕೆ ಎರಡು ಮೂರು ಪಾಲಿನಷ್ಟು, ಮೊಳಕೆ ಬರಿಸದೆ ಕಪ್ಪಾಗುವವರೆಗೆ ಹುರಿದ ಬಾರ್ಲಿಯನ್ನು ಸೇರಿಸುತ್ತಾರೆ. ಕೆಂಪು ಬರುವುದು ಈ ಚಿಟಿಕೆಯಿಂದ. ಇದೇ ಬಾರ್ಲಿ ನೂರಕ್ಕೆ ಹತ್ತರಷ್ಟಾದರೆ ಪಾನೀಯವು ಡಿಕಾಕ್ಷನ್ನಿನಂತೆ ಕಪ್ಪಾಗಿ ಸ್ಟೌಟ್ ಎನಿಸಿಕೊಳ್ಳುತ್ತದೆ. ಇನ್ನು ಅಮಲಿನ ಮಾತು: ಈ ಬಗೆಯ ಏಲಿನಲ್ಲಿ ಆಲ್ಕೊಹಾಲು ಗಾತ್ರದಲ್ಲಿ ಸುಮಾರು ನೂರಕ್ಕೆ 4ರಿಂದ 5, ಸಾಮಾನ್ಯವಾದ ತಿಳಿಹಳದಿ ಲಾಗರಿನಲ್ಲೂ ಹೆಚ್ಚು ಕಡಮೆ ಅಷ್ಟೇ.

ಪ್ರಯೋಗಾಲಯದ ಅಳತೆಯೂ ಈ ಕೆಂಪನ್ನು ಹಿಡಿಯಲಾರದೆಂಬುದು ಸೋಜಿಗ. 430 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು ಒಂದು ಸೆಂಟಿಮೀಟರ್ ದಪ್ಪದ ಬಿಯರಿನ ಮೂಲಕ ಹಾಯಿಸಿ, ಹೀರಿಕೆಯ ಅಂಕಿಯನ್ನು 12.7ರಿಂದ ಗುಣಿಸಿದರೆ ಎಸ್.ಆರ್.ಎಂ. ಎಂಬ ಮಾನ ಬರುತ್ತದೆ. ಐರಿಷ್ ಕೆಂಪು ಏಲಿಗೆ ಅದು 9ರಿಂದ 14ರವರೆಗೆ ಇರುವುದು ವಾಡಿಕೆ. ಆದರೆ ಅದು ತಿಳಿಸುವುದು ಗಾಢತೆಯನ್ನು ಮಾತ್ರ. ಕಂದುಬಣ್ಣದ ಬೇರೊಂದು ಬಿಯರಿಗೂ ಅದೇ ಅಂಕಿ ಬರಬಹುದು.

ಹೆಸರಿನ ಇತಿಹಾಸವೂ ಇಷ್ಟೇ ಸಡಿಲವಾದದ್ದು. ಐರ್ಲೆಂಡಿನ ಎನಿಸ್ಕಾರ್ತಿಯಲ್ಲಿದ್ದ ಲೆಟ್ ಮನೆತನದ ಬ್ರೂವರಿ 1956ರಲ್ಲಿ ಮುಚ್ಚಿಹೋಯಿತು. ಅದರ ಏಲಿನ ಹಕ್ಕನ್ನು ಫ್ರಾನ್ಸಿನ ಪೆಲ್‌ಫೋರ್ತ್ ಸಂಸ್ಥೆಯೂ ಆಮೇಲೆ ಅಮೆರಿಕದ ಕೂರ್ಸ್ ಸಂಸ್ಥೆಯೂ ಪಡೆದವು. ‘ಐರಿಷ್ ರೆಡ್’ ಎಂಬ ಮಾತಿನ ಪ್ರಚಾರಕ್ಕೆ ಬಹುಮಟ್ಟಿಗೆ ಕಾರಣವಾದದ್ದು ಕೂರ್ಸ್ ಮಾರಿದ ‘ಕಿಲಿಯನ್ಸ್’. ಏಲ್ ಬೆಚ್ಚಗಿನ ಹದದಲ್ಲಿ ಬೇಗ ಹುದುಗುವಂಥದು, ಲಾಗರ್ ತಣ್ಣಗೆ ನಿಧಾನವಾಗಿ ಹುದುಗುವಂಥದು. ಕಿಲಿಯನ್ಸ್ ಕೊನೆಗೆ ಲಾಗರ್ ಆಯಿತು! ಜಾತಿ ಬದಲಾದರೂ ಬಣ್ಣದ ಬಿರುದು ತಪ್ಪಲಿಲ್ಲ.

ಕಣ್ಣಿನ ಈ ಪ್ರಾಬಲ್ಯಕ್ಕೆ ವೈನಿನ ಕ್ಷೇತ್ರದಿಂದ ಪ್ರಸಿದ್ಧವಾದ ನಿದರ್ಶನವೊಂದಿದೆ. ಮೊರೊ, ಬ್ರೋಶೆ ಮತ್ತು ದುಬೂರ್ದಿಯೊ ಎಂಬ ವಿದ್ವಾಂಸರು 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವೈನ್‌ಶಾಸ್ತ್ರದ 54 ಮಂದಿ ವಿದ್ಯಾರ್ಥಿಗಳಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಬಿಳಿ ವೈನನ್ನು ಕೊಡಲಾಯಿತು. ಅವರು ಅದರ ಪರಿಮಳವನ್ನು ಕೆಂಪು ವೈನಿಗೆ ಸಲ್ಲುವ ಪದಗಳಿಂದಲೇ ವರ್ಣಿಸಿದರು. ಇವರು ಅಭ್ಯಾಸವಿಲ್ಲದವರಲ್ಲ, ಆ ವಿದ್ಯೆಯನ್ನೇ ಕಲಿಯುತ್ತಿದ್ದವರು ಎಂಬುದು ಗಮನಾರ್ಹ.

ಆದುದರಿಂದ ಬ್ರೂಪಬ್ಬಿನಲ್ಲಿ ಪರೀಕ್ಷಿಸಬಯಸುವವರು ತ್ರಿಕೋಣ ಪರೀಕ್ಷೆಯನ್ನು ಅನುಸರಿಸುವುದು ಲೇಸು. ಮೂರು ಚಿಕ್ಕ ಲೋಟಗಳಲ್ಲಿ ಎರಡಕ್ಕೆ ಕೆಂಪು ಏಲ್, ಒಂದಕ್ಕೆ ಅಷ್ಟೇ ತಣ್ಣಗಿನ ತಿಳಿಬಣ್ಣದ ಏಲ್. ಸುರಿಯುವವರು ಬೇರೆ, ಸವಿಯುವವರು ಬೇರೆ. ಸವಿಯುವವರ ಕಣ್ಣಿಗೆ ಬಟ್ಟೆ. ಬೇರೆಯದು ಯಾವುದೆಂದು ಹೇಳಬೇಕು. ಊಹೆಯಿಂದಲೇ ಮೂರರಲ್ಲೊಂದು ಸಲ ಸರಿಯಾಗುವ ಸಂಭವವಿರುವುದರಿಂದ ಒಂದೆರಡು ಸಲದ ಗೆಲುವಿಗೆ ಬೆಲೆಯಿಲ್ಲ. ಹಲವರು ಸೇರಿದರೆ ಒಳ್ಳೆಯದು; ಒಬ್ಬರೇ ಪದೇ ಪದೇ ಸವಿದರೆ ಪರೀಕ್ಷಕರ ಸ್ಥಿತಿಯೇ ಕೆಡುತ್ತದೆ! ಮಂಜಿನಂತೆ ತಣ್ಣಗಿರುವಾಗ ಪರಿಮಳವು ಸರಿಯಾಗಿ ಏಳದು. ಲೋಟವನ್ನು ಸ್ವಲ್ಪ ಹೊತ್ತು ಅಂಗೈಯಲ್ಲಿ ಹಿಡಿದಿರಬೇಕು. ಆಗ ಮೊದಲು ಬರುವುದು ಕೆಂಪಗೆ ಕಾಯಿಸಿದ ಸಕ್ಕರೆಯ ಪಾಕದಂಥ ಸಿಹಿ, ಸುಟ್ಟ ಬ್ರೆಡ್ಡಿನ ವಾಸನೆ. ಇವು ಬೇರೆ ಮಾಲ್ಟುಗಳಿಂದಲೂ ಬರಬಲ್ಲವು. ನುಂಗಿದ ಮೇಲೆ ನಾಲಗೆಯ ಹಿಂಭಾಗದಲ್ಲಿ ತೆಳುವಾಗಿ ಉಳಿಯುವ ಒಣಗಹಿಯೇ ಹುರಿದ ಬಾರ್ಲಿಯ ಗುರುತು.