ಕರೆಯದೆ ಬಂದು ಕುಳಿತ ಪಟ್ಟಿಗಳು

ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ಪಿಡಿಎಫ್ ಕಡತ ಮಾಡಿಕೊಡುವ ತಂತ್ರಾಂಶವೊಂದನ್ನು ನನ್ನ ಕಂಪ್ಯೂಟರಿಗೆ ಹಾಕಿಸಿಕೊಂಡೆ. ಮರುದಿನ ಬೆಳಿಗ್ಗೆ ಅರ್ಧ ಬರೆದಿಟ್ಟ ಲೇಖನವನ್ನು ತೆರೆದರೆ, ಮೇಲಿನ ಗುಂಡಿಗಳ ಸಾಲಿನ ಕೆಳಗೆ ಇನ್ನೊಂದು ಸಾಲು ಹುಟ್ಟಿಕೊಂಡಿತ್ತು. ಅದರಲ್ಲಿ ಇದ್ದದ್ದು ಮೂರೇ ಗುಂಡಿ. ಆ ಮೂರಕ್ಕಾಗಿ ಪರದೆಯ ಈ ತುದಿಯಿಂದ ಆ ತುದಿಯವರೆಗಿನ ಪಟ್ಟೆ ಪೂರ್ತಿ ಹೋಗಿತ್ತು. ಮೆನುವಿಗೆ ಹೋಗಿ ಅದರ ಹೆಸರಿನ ಮುಂದಿನ ಗುರುತು ತೆಗೆದೆ, ಮರೆಯಾಯಿತು. ಮಧ್ಯಾಹ್ನ ಊಟ ಮುಗಿಸಿ ಬಂದು ಮತ್ತೆ ತೆರೆದರೆ ಅದೇ ಜಾಗದಲ್ಲಿ ಅದೇ ಮೂರು ಗುಂಡಿ. ವಾರಗಟ್ಟಲೆ ಹೀಗೇ ನಡೆಯಿತು. ಬರೆಯಲು ಕೂತಾಗ ಮೊದಲ ವಾಕ್ಯ ಹೊಳೆಯುವ ಮುಂಚೆ ಮಾಡಬೇಕಾದ ಕೆಲಸ ಅದೊಂದು ಖಾಯಂ ಆಯಿತು.

ಆಗಿನ ನನ್ನ ಮಾನಿಟರಿನ ಎತ್ತರ 768 ಪಿಕ್ಸೆಲ್. ಕಡತದ ಹೆಸರು ತೋರಿಸುವ ಪಟ್ಟೆ, ಮೆನು, ಎರಡು ಟೂಲ್‌ಬಾರ್, ಅಳತೆಪಟ್ಟಿ, ಕೆಳಗಡೆ ಪುಟಸಂಖ್ಯೆಯ ಸಾಲು, ಅದರಡಿಯಲ್ಲಿ ಟಾಸ್ಕ್‌ಬಾರ್, ಇಷ್ಟೂ ಕಳೆದು ಉಳಿದದ್ದು ಬರವಣಿಗೆಗೆ. ಇಂಗ್ಲಿಷಿನಲ್ಲಿ ಬರೆಯುವವರಿಗಿಂತ ಕನ್ನಡದಲ್ಲಿ ಬರೆಯುವವರಿಗೆ ಈ ನಷ್ಟ ಹೆಚ್ಚು ತಟ್ಟುತ್ತದೆ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. 'ಸ್ತ್ರೀ' ಎಂದು ಬರೆದರೆ ಒತ್ತೇ ಎರಡು. ಹಾಗಾಗಿ ಸಾಲಿನಿಂದ ಸಾಲಿಗೆ ಹೆಚ್ಚು ಅಂತರ ಬೇಕು. ಒಂದು ಟೂಲ್‌ಬಾರ್ ಹೊಸದಾಗಿ ಬಂದಿತೆಂದರೆ ಕಣ್ಣೆದುರಿನಿಂದ ಹೆಚ್ಚುಕಡಿಮೆ ಕನ್ನಡದ ಒಂದು ಸಾಲು ಹೋದ ಹಾಗೆ.

ತೆಗೆದಷ್ಟೂ ಅದು ಮರಳಿ ಬರುತ್ತಿದ್ದುದು ಯಾಕೆ ಎಂಬುದು ಎಷ್ಟೋ ದಿನದ ಮೇಲೆ ತಿಳಿಯಿತು. ಮೈಕ್ರೋಸಾಫ್ಟ್ ವರ್ಡ್ ಶುರುವಾಗುವಾಗ 'ಸ್ಟಾರ್ಟಪ್' ಎಂಬ ಫೋಲ್ಡರಿನೊಳಗೆ ಇಣುಕಿ, ಅಲ್ಲಿರುವ ಟೆಂಪ್ಲೇಟ್ ಕಡತಗಳನ್ನೆಲ್ಲ ತನ್ನ ಜೊತೆಗೆ ಸೇರಿಸಿಕೊಳ್ಳುತ್ತದೆ. ಆಮೇಲೆ ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ ತನ್ನ ಹೆಸರಿನಡಿ ಬರೆಸಿಕೊಂಡಿರುವ, ಹೊರಗಿನಿಂದ ಬಂದು ಸೇರಿಕೊಳ್ಳುವ ಪುಟ್ಟ ತಂತ್ರಾಂಶಗಳಾದ ಆಡ್-ಇನ್‌ಗಳ ಪಟ್ಟಿಯನ್ನು ಓದುತ್ತದೆ. 'ಲೋಡ್‌ಬಿಹೇವಿಯರ್' ಎಂಬುದರ ಎದುರು 3 ಎಂಬ ಅಂಕಿ ಇದ್ದರೆ ಆ ಆಡ್-ಇನ್ನಿಗೆ ಪ್ರತಿ ಸಲವೂ ಆರಂಭದಲ್ಲೇ ಕರೆ ಹೋಗುತ್ತದೆ. ಹೀಗೆ ಎದ್ದು ಬಂದ ಆಡ್-ಇನ್ ಮಾಡುವ ಮೊದಲ ಕೆಲಸ ತನ್ನ ಟೂಲ್‌ಬಾರನ್ನು ಕಟ್ಟಿ ನಿಲ್ಲಿಸುವುದು. ನಾವು ಮೆನುವಿನಲ್ಲಿ ಗುರುತು ತೆಗೆದಾಗ ಹೋಗುವುದು ಆ ಹೊತ್ತಿನ ಪಟ್ಟಿ ಮಾತ್ರ, ಅದನ್ನು ಕಟ್ಟುವವನು ಹಾಗೇ ಇರುತ್ತಾನೆ. ಗರಿಕೆಯನ್ನು ಮೇಲೆ ಮೇಲೆ ಕಿತ್ತ ಹಾಗೆ. ನಿಜವಾಗಿ ತೆಗೆಯಬೇಕೆಂದರೆ ಆ ಟೆಂಪ್ಲೇಟನ್ನು ಸ್ಟಾರ್ಟಪ್ ಫೋಲ್ಡರಿನಿಂದ ಎತ್ತಿ ಬೇರೆ ಕಡೆ ಇಡಬೇಕು. ಈಗಿನ ವರ್ಡ್‌ನಲ್ಲಾದರೆ ಫೈಲ್, ಆಪ್ಷನ್ಸ್, ಆಡ್-ಇನ್ಸ್ ಎಂದು ಹೋಗಿ, ಕೆಳಗಿನ 'ಮ್ಯಾನೇಜ್' ಎಂಬಲ್ಲಿ 'ಕಾಮ್ ಆಡ್-ಇನ್ಸ್' ಆರಿಸಿಕೊಂಡು ಅದರ ಗುರುತನ್ನು ತೆಗೆಯಬೇಕು. ಈ ದಾರಿ ಬರೆಯುವವರಿಗೆ ಕಾಣುವ ಜಾಗದಲ್ಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಬರುವುದು ಈ ಒಂದು ಸಂಗತಿಗೆ. ಒಳಗೆ ಬರುವ ಬಾಗಿಲು ಹೆಬ್ಬಾಗಿಲಾಗಿ, ಹೊರಗೆ ಕಳಿಸುವ ಬಾಗಿಲು ಹಿತ್ತಲಿನ ಮೂಲೆಯಲ್ಲಿದೆ.

ಮೂರು ಗುಂಡಿಗೆ ಇಷ್ಟು ಸಿಟ್ಟೇ ಎಂದು ಕೇಳಬಹುದು. ಗುಂಡಿಯನ್ನು ಒತ್ತದಿದ್ದರೆ ಆಯಿತು, ಅದು ತನ್ನ ಪಾಡಿಗೆ ಇರುತ್ತದೆ ಎನ್ನುವವರಿದ್ದಾರೆ. ಕಣ್ಣು ಮತ್ತು ಮಿದುಳು ಕೆಲಸ ಮಾಡುವ ಬಗೆ ಹಾಗಿಲ್ಲ.

ಕೈಯನ್ನು ನೀಳವಾಗಿ ಮುಂದೆ ಚಾಚಿ ಹೆಬ್ಬೆರಳನ್ನು ನೋಡಿ. ಆ ಉಗುರಿನಷ್ಟು ಅಗಲ, ಅಂದರೆ ಸುಮಾರು ಎರಡು ಡಿಗ್ರಿಯಷ್ಟು ಜಾಗ ಮಾತ್ರ ಒಂದು ಕ್ಷಣದಲ್ಲಿ ನಮಗೆ ನಿಚ್ಚಳವಾಗಿ ಕಾಣುವುದು. ಉಳಿದದ್ದೆಲ್ಲ ಮಸುಕು. ಇಡೀ ಪರದೆ ಸ್ಪಷ್ಟವಾಗಿದೆ ಅನ್ನಿಸುವುದು ಕಣ್ಣು ಸೆಕೆಂಡಿಗೆ ಮೂರು ನಾಲ್ಕು ಬಾರಿ ಜಿಗಿಜಿಗಿದು ತುಣುಕುಗಳನ್ನು ತಂದು ಜೋಡಿಸುವುದರಿಂದ. ಗುಂಡಿಗಳ ಸಾಲಿನಲ್ಲಿ ಬೇಕಾದದ್ದನ್ನು ಹುಡುಕುವುದೆಂದರೆ ಈ ಪುಟ್ಟ ಬೆಳಕಿನ ವೃತ್ತವನ್ನು ಅಲ್ಲಿಂದಿಲ್ಲಿಗೆ ಹೊತ್ತು ತಿರುಗುವುದು.

ಈ ಹುಡುಕಾಟದ ಗುಟ್ಟನ್ನು ಚೆನ್ನಾಗಿ ಬಿಡಿಸಿ ತೋರಿಸಿದವರು ಮನೋವಿಜ್ಞಾನಿ ಆ್ಯನ್ ಟ್ರೀಸ್ಮನ್. ಗ್ಯಾರಿ ಗೆಲೇಡ್ ಜೊತೆ 1980ರಲ್ಲಿ ಅವರು ಪ್ರಕಟಿಸಿದ ಸಿದ್ಧಾಂತದ ತಿರುಳು ಸರಳವಾಗಿದೆ. ಹಸಿರು ಮೆಣಸಿನಕಾಯಿಯ ರಾಶಿಯಲ್ಲಿ ಒಂದೇ ಒಂದು ಕೆಂಪು ಕಾಯಿ ಇದ್ದರೆ ಅದು ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ರಾಶಿ ಸೇರಿರಲಿ, ಮೂಟೆಯಿರಲಿ, ಹುಡುಕುವ ಹೊತ್ತು ಹೆಚ್ಚುಕಡಿಮೆ ಅಷ್ಟೇ. ಆದರೆ ಹುಡುಕಬೇಕಾದದ್ದು ಬಣ್ಣ ಮತ್ತು ಆಕಾರ ಎರಡೂ ಕೂಡಿದ ಗುರುತಾಗಿದ್ದು, ಸುತ್ತಲಿನವೂ ಆ ಬಣ್ಣವನ್ನೋ ಆ ಆಕಾರವನ್ನೋ ಹಂಚಿಕೊಂಡಿದ್ದರೆ, ಗಮನ ಒಂದೊಂದರ ಮೇಲೂ ಕೂತು ಏಳಬೇಕಾಗುತ್ತದೆ. ವಸ್ತುಗಳು ಹೆಚ್ಚಿದಂತೆ ಸಮಯವೂ ಅದೇ ಪ್ರಮಾಣದಲ್ಲಿ ಬೆಳೆಯುತ್ತದೆ. ಹಳೆಯ ಟೂಲ್‌ಬಾರಿನ ಗುಂಡಿಗಳನ್ನು ನೆನಪಿಸಿಕೊಳ್ಳಿ. ಎಲ್ಲವೂ 16 ಪಿಕ್ಸೆಲ್ ಅಗಲ, 16 ಪಿಕ್ಸೆಲ್ ಎತ್ತರದ ಚಿತ್ರಗಳು. ಎಷ್ಟೋ ಚಿತ್ರಗಳಲ್ಲಿ ಒಂದು ಪುಟ್ಟ ಹಾಳೆ, ಅದರ ಮೇಲೆ ಒಂದಿಷ್ಟು ನೀಲಿ ಗೆರೆ. ಎದ್ದು ಕಾಣುವ ಕೆಂಪು ಕಾಯಿ ಅಲ್ಲಿ ಯಾವುದೂ ಇಲ್ಲ. ಹಾಗಾಗಿ ನಾವು ಎಂದೂ ಒತ್ತದ ಗುಂಡಿಗೂ ಪ್ರತಿ ಹುಡುಕಾಟದಲ್ಲಿ ಒಂದು ಪಾಲು ಸಮಯ ಸಲ್ಲುತ್ತದೆ.

ಕೈಯ ಲೆಕ್ಕ ಬೇರೆ. ಪಾಲ್ ಫಿಟ್ಸ್ 1954ರಲ್ಲಿ ಕಂಡುಕೊಂಡ ನಿಯಮದ ಪ್ರಕಾರ, ಗುರಿ ದೂರವಾದಷ್ಟೂ ಚಿಕ್ಕದಾದಷ್ಟೂ ಅದನ್ನು ಮುಟ್ಟಲು ಹೆಚ್ಚು ಹೊತ್ತು ಬೇಕು. ಪುಟದ ನಡುವೆ ಬರೆಯುತ್ತಿರುವವರಿಗೆ ಪರದೆಯ ನೆತ್ತಿಯಲ್ಲಿರುವ ಚಿಕ್ಕ ಚೌಕ ದೂರವೂ ಹೌದು, ಸಣ್ಣದೂ ಹೌದು.

ಇನ್ನು ಥಟ್ಟನೆ ಎದ್ದು ಬರುವ ಪಟ್ಟಿಗಳು. ಕಣ್ಣಂಚಿನಲ್ಲಿ ಹೊಸದೊಂದು ಕಾಣಿಸಿಕೊಂಡರೆ ಗಮನ ಅತ್ತ ಹರಿಯುವುದನ್ನು ಸ್ಟೀವನ್ ಯಾಂಟಿಸ್ ಮತ್ತು ಜಾನ್ ಜೊನೈಡ್ಸ್ 1984ರಲ್ಲಿ ಪ್ರಯೋಗಗಳಲ್ಲಿ ತೋರಿಸಿದರು. ಪೊದೆಯಲ್ಲಿ ಸರಕ್ಕನೆ ಸರಿದದ್ದೇನೆಂದು ತಿರುಗಿ ನೋಡುವ ಹಳೆಯ ಅಭ್ಯಾಸದ ಮುಂದುವರಿಕೆ ಇದು ಎಂದು ನನ್ನ ಭಾವನೆ. 2007ರ ವರ್ಡ್‌ನಲ್ಲಿ ಪದವೊಂದನ್ನು ಮೌಸಿನಿಂದ ಆರಿಸಿದೊಡನೆ ಪಕ್ಕದಲ್ಲೇ ತೇಲಿ ಬರುವ 'ಮಿನಿ ಟೂಲ್‌ಬಾರ್' ಬಂತು. ಫಿಟ್ಸ್ ನಿಯಮದ ಕಡೆಯಿಂದ ನೋಡಿದರೆ ಅದು ಒಳ್ಳೆಯ ಯೋಚನೆ, ಏಕೆಂದರೆ ಗುಂಡಿಗಳೇ ಕೈಯ ಹತ್ತಿರ ಬರುತ್ತವೆ. ಮೌಸು ದೂರ ಹೋದರೆ ತಾನೇ ಮಸುಕಾಗುವಂತೆಯೂ ಮಾಡಿದ್ದಾರೆ. ಆದರೆ ಬರೆದದ್ದನ್ನು ತಿದ್ದುವಾಗ ಪದ ಪದವನ್ನೂ ಆರಿಸುತ್ತಾ ಯೋಚಿಸುವವರಿಗೆ ಪ್ರತಿ ಪದದ ಬಳಿಯೂ ಒಂದು ಚಲನೆ ಕಣ್ಣನ್ನು ಎಳೆಯುತ್ತದೆ. ಆಪ್ಷನ್ಸ್‌ನ 'ಜನರಲ್' ವಿಭಾಗದಲ್ಲಿ ಅದನ್ನು ನಿಲ್ಲಿಸಬಹುದು.

ಇಷ್ಟೊಂದು ಗುಂಡಿಗಳು ಬಂದದ್ದಾದರೂ ಹೇಗೆ? ವಿಂಡೋಸ್‌ಗಾಗಿ ವರ್ಡ್ ಮೊದಲು ಬಂದದ್ದು 1989ರಲ್ಲಿ. ಆಗ ಅದರಲ್ಲಿ ಇದ್ದದ್ದು ಎರಡು ಟೂಲ್‌ಬಾರ್. 1997ರ ಆವೃತ್ತಿಗೆ ಬರುವಷ್ಟರಲ್ಲಿ 18 ಆದವು. 2003ಕ್ಕೆ 31, ಜೊತೆಗೆ ಬಲಗಡೆ ತೆರೆದುಕೊಳ್ಳುವ 19 ಫಲಕಗಳು. ಎಲ್ಲವೂ ಒಟ್ಟಿಗೆ ತೋರುತ್ತಿರಲಿಲ್ಲ ನಿಜ, ಆದರೆ ಒಳಗೆ ತುಂಬಿಕೊಂಡಿದ್ದವು. ಪ್ರತಿ ಆವೃತ್ತಿಗೂ ಹೊಸದೇನಾದರೂ ಸೇರಿಸಬೇಕು, ಸೇರಿಸಿದ್ದು ಕಾಣಬೇಕು. ಯಾರೋ ಕೆಲವರು ಒಂದು ಸೌಕರ್ಯ ಕೇಳುತ್ತಾರೆ, ಕೊಡುತ್ತಾರೆ. ಒಮ್ಮೆ ಕೊಟ್ಟದ್ದನ್ನು ಕಿತ್ತುಕೊಂಡರೆ ಅದನ್ನೇ ನೆಚ್ಚಿದ್ದವರು ಕೂಗೆಬ್ಬಿಸುತ್ತಾರೆ. ಹೀಗಾಗಿ ಸೇರಿಸುವುದು ಸುಲಭ, ತೆಗೆಯುವುದು ಕಷ್ಟ.

ಬಳಕೆದಾರರ ಒಪ್ಪಿಗೆ ಪಡೆದು ಮೈಕ್ರೋಸಾಫ್ಟ್ ಸಂಗ್ರಹಿಸಿದ ಮಾಹಿತಿಯಲ್ಲಿ ಒಂದು ಕುತೂಹಲದ ಸಂಗತಿ ಹೊರಬಂತು. ವರ್ಡ್ 2003ರಲ್ಲಿ ಜನ ಕೊಡುತ್ತಿದ್ದ ಆಜ್ಞೆಗಳಲ್ಲಿ ಸುಮಾರು ಶೇಕಡಾ 32ರಷ್ಟು ಐದೇ ಆಜ್ಞೆಗಳಲ್ಲಿ ಮುಗಿದುಹೋಗುತ್ತಿದ್ದವು: ಪೇಸ್ಟ್, ಸೇವ್, ಕಾಪಿ, ಅನ್‌ಡು, ಬೋಲ್ಡ್. ಪೇಸ್ಟ್ ಒಂದೇ ಶೇಕಡಾ 11ಕ್ಕಿಂತ ಹೆಚ್ಚು. ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಎಂಬ ಇಬ್ಬರು 1970ರ ದಶಕದ ನಡುವಿನಲ್ಲಿ ಝೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಕಟ್ಟಿದ 'ಜಿಪ್ಸಿ' ಎಂಬ ತಂತ್ರಾಂಶದಲ್ಲಿ ರೂಪುಗೊಂಡ ಕೆಲಸ ಅದು. ಮೂವತ್ತು ವರ್ಷ ಕಳೆದು ಮೂವತ್ತೊಂದು ಪಟ್ಟಿ ಬಂದ ಮೇಲೂ ಜನರ ಕೈ ಹೆಚ್ಚಾಗಿ ಹೋಗುತ್ತಿದ್ದದ್ದು ಅದರ ಕಡೆಗೇ.

ಹಾಗಾದರೆ ಉಳಿದದ್ದನ್ನೆಲ್ಲ ಎಸೆದುಬಿಡಬಹುದಲ್ಲ? ನಾನೂ ಬಹಳ ಕಾಲ ಹಾಗೇ ಅಂದುಕೊಂಡಿದ್ದೆ. ಕೆನಡಾದ ಜೊಆನಾ ಮೆಕ್‌ಗ್ರೆನೆರ್ ಮತ್ತು ಗೇಲ್ ಮೂರ್ 2000ದಲ್ಲಿ ಪ್ರಕಟಿಸಿದ ಅಧ್ಯಯನವನ್ನು ಓದಿದ ಮೇಲೆ ಆ ಅಭಿಪ್ರಾಯ ಬಿಟ್ಟೆ. ಅವರು ವರ್ಡ್ 97 ಬಳಸುವ 53 ಜನರನ್ನು ಕೂರಿಸಿಕೊಂಡು, ಪರದೆಯ ಮೇಲ್ಪದರದಲ್ಲೇ ಸಿಗುವ 265 ಸೌಕರ್ಯಗಳನ್ನು ಒಂದೊಂದಾಗಿ ತೋರಿಸಿ, ಇದು ಗೊತ್ತೇ, ಬಳಸುತ್ತೀರಾ ಎಂದು ಕೇಳಿದರು. ಸರಾಸರಿ ಒಬ್ಬರು ಬಳಸುತ್ತಿದ್ದದ್ದು ಕಾಲು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೆ. ಆದರೆ ಒಬ್ಬರ ಕಾಲು ಭಾಗ ಇನ್ನೊಬ್ಬರದಾಗಿರಲಿಲ್ಲ. ಒಬ್ಬರಿಗೆ ಅಡಿಟಿಪ್ಪಣಿ ಜೀವಾಳವಾದರೆ ಇನ್ನೊಬ್ಬರಿಗೆ ಕೋಷ್ಟಕ. ಅದಕ್ಕಿಂತ ಮುಖ್ಯವಾದದ್ದು, ಬಳಸದ ಸೌಕರ್ಯಗಳನ್ನು ಪೂರ್ತಿ ತೆಗೆದುಹಾಕಿ ಎಂದವರು ಕಡಿಮೆ ಜನ. ಕಣ್ಣೆದುರಿನಿಂದ ಸರಿಸಿ ಒಳಗೆಲ್ಲೋ ಇಡಿ, ಬೇಕಾದಾಗ ತೆಗೆದುಕೊಳ್ಳುತ್ತೇವೆ ಎಂಬುದು ಹಲವರ ಅಪೇಕ್ಷೆಯಾಗಿತ್ತು. ಹಬ್ಬದ ಹಂಡೆ, ಮದುವೆಯ ಕೊಪ್ಪರಿಗೆಗಳನ್ನು ನಾವು ಅಟ್ಟಕ್ಕೆ ಏರಿಸುವ ಹಾಗೆ. ಮಾರುವುದಿಲ್ಲ, ನಡುಮನೆಯಲ್ಲಿ ಇಟ್ಟುಕೊಳ್ಳುವುದೂ ಇಲ್ಲ.

ಹೊಸದಾಗಿ ಕಲಿಯುವವರಿಗಂತೂ ಈ ಅಟ್ಟ ಬೇಕೇ ಬೇಕು. ಐಬಿಎಂನ ಜಾನ್ ಕ್ಯಾರಲ್ ಮತ್ತು ಕ್ಯಾರೊಲಿನ್ ಕ್ಯಾರಿದರ್ಸ್ 1984ರಲ್ಲೇ ಇದನ್ನು ಪರೀಕ್ಷಿಸಿದ್ದರು. ಬರವಣಿಗೆಯ ಯಂತ್ರದಲ್ಲಿ ಮುಂದುವರಿದ ಆಜ್ಞೆಗಳನ್ನು ತಡೆಹಿಡಿದು, ಮಕ್ಕಳ ಸೈಕಲ್ಲಿನ ಪಕ್ಕದ ಗಾಲಿಗಳಂತೆ ಕಲಿಯುವವರಿಗೆ ಕಾವಲು ಕೊಟ್ಟರು. ಹಾಗೆ ಕಲಿತವರು ಪೂರ್ತಿ ಯಂತ್ರದ ಮುಂದೆ ಕೂತವರಿಗಿಂತ ಬೇಗ ಕೆಲಸ ಮುಗಿಸಿದರು.

ಅಟ್ಟಕ್ಕೆ ಏರಿಸುವ ಕೆಲಸವನ್ನು ಯಂತ್ರಕ್ಕೇ ವಹಿಸಿದರೆ ಏನಾಗುತ್ತದೆ ಎಂಬುದನ್ನು ಆಫೀಸ್ 2000 ತೋರಿಸಿಕೊಟ್ಟಿತು. ಅದರ ಮೆನುಗಳು ನಾವು ಬಳಸದ ಆಜ್ಞೆಗಳನ್ನು ತಾವೇ ಗಮನಿಸಿ ಬಚ್ಚಿಡುತ್ತಿದ್ದವು, ಬಳಸಿದ್ದನ್ನು ಹೊರತರುತ್ತಿದ್ದವು. ಕೇಳಲು ಬಹಳ ಜಾಣತನದ್ದು. ಆದರೆ ನಿನ್ನೆ ಮೂರನೆಯದಾಗಿದ್ದ ಆಜ್ಞೆ ಇವತ್ತು ಐದನೆಯದು, ನಾಳೆ ಇಲ್ಲವೇ ಇಲ್ಲ. ಒಗ್ಗರಣೆ ಹಾಕುವವರನ್ನು ನೋಡಿ. ಎಣ್ಣೆಯಲ್ಲಿ ಸಾಸಿವೆ ಸಿಡಿಯುತ್ತಿರುವಾಗ ಅವರು ಡಬ್ಬಿಯತ್ತ ಕಣ್ಣು ಹಾಯಿಸುವುದಿಲ್ಲ, ಕೈಯೇ ಹೋಗಿ ಜೀರಿಗೆಯ ಬಟ್ಟಲನ್ನು ಮುಟ್ಟುತ್ತದೆ. ಬಟ್ಟಲುಗಳು ಏಳೇ ಇರಲಿ, ರಾತ್ರಿ ಯಾರೋ ಅವುಗಳ ಜಾಗ ಬದಲಿಸಿದರೆ ಬೆಳಗಿನ ಒಗ್ಗರಣೆ ಸೀದಂತೆಯೇ. ಜಾಗದ ನೆನಪು ಮನುಷ್ಯನಿಗೆ ಅತ್ಯಂತ ಗಟ್ಟಿಯಾದ ನೆನಪುಗಳಲ್ಲೊಂದು. ಕೈಗೆ ಜಾಗ ಗೊತ್ತಾದ ಮೇಲೆ ಟ್ರೀಸ್ಮನ್ ವಿವರಿಸಿದ ಹುಡುಕಾಟವೇ ಬೇಕಾಗುವುದಿಲ್ಲ, ನೂರು ಗುಂಡಿಯಿದ್ದರೂ ಅಡ್ಡಿಯಿಲ್ಲ. ಜಾಗ ಕದಲಿತೋ, ಐದು ಗುಂಡಿಯೂ ಹೊರೆ. ನನ್ನ ಪರದೆಯ ಮೇಲಿನ ಆ ಮೂರು ಗುಂಡಿಯ ಪಟ್ಟಿಯ ಕೆಡುಕೂ ಇದೇ ಆಗಿತ್ತು. ಅದು ಬಂದಾಗಲೆಲ್ಲ ಉಳಿದ ಪುಟವನ್ನು ಕೆಳಕ್ಕೆ ತಳ್ಳಿ ಕಣ್ಣಿಗೂ ಕೈಗೂ ಗೊತ್ತಿದ್ದ ಜಾಗಗಳನ್ನು ಕದಲಿಸುತ್ತಿತ್ತು.

2007ರಲ್ಲಿ ವರ್ಡ್ ಟೂಲ್‌ಬಾರ್‌ಗಳನ್ನೂ ಹಳೆಯ ಮೆನುಗಳನ್ನೂ ತೆಗೆದು 'ರಿಬ್ಬನ್' ಎಂಬ ಅಗಲವಾದ ಪಟ್ಟಿಯನ್ನು ತಂದಿತು. ಚಿತ್ರವನ್ನು ಆರಿಸಿದಾಗ ಮಾತ್ರ ಚಿತ್ರದ ಗುಂಡಿಗಳು, ಕೋಷ್ಟಕದೊಳಗೆ ಕರ್ಸರ್ ಇದ್ದಾಗ ಮಾತ್ರ ಕೋಷ್ಟಕದ ಗುಂಡಿಗಳು. ಆಡ್-ಇನ್‌ಗಳು ಎಲ್ಲೆಂದರಲ್ಲಿ ಕೂರುವ ಹಾಗಿಲ್ಲ. ಹದಿನೈದು ವರ್ಷ ಹಳೆಯ ಜಾಗಗಳನ್ನು ಕೈಗೆ ಕಲಿಸಿಕೊಂಡಿದ್ದವರು ಆಗ ಪಟ್ಟ ಕಷ್ಟ ಸಣ್ಣದಲ್ಲ; ಡಿಟಿಪಿ ಕೆಲಸ ಮಾಡುವ ನನ್ನ ಗೆಳೆಯರು ಎಷ್ಟೋ ಕಾಲ ಹಳೆಯ ಆವೃತ್ತಿಯನ್ನೇ ಉಳಿಸಿಕೊಂಡಿದ್ದರು. ಆದರೂ ಒಮ್ಮೆ ಕಲಿತ ಮೇಲೆ ಕದಲದ ಜಾಗ ಅದು. ಪುಟ ಪೂರ್ತಿ ಬೇಕೆಂದಾಗ ಕಂಟ್ರೋಲ್ ಮತ್ತು ಎಫ್1 ಒತ್ತಿದರೆ ಮಡಿಚಿಕೊಳ್ಳುತ್ತದೆ. ಲಿಬ್ರೆಆಫೀಸ್ ಇನ್ನೊಂದು ದಾರಿ ಹಿಡಿಯಿತು. ಹಳೆಯ ಟೂಲ್‌ಬಾರ್, ಒಂದೇ ಸಾಲಿನ ಪಟ್ಟಿ, ರಿಬ್ಬನ್ನಿನಂಥದ್ದು, ಇವುಗಳಲ್ಲಿ ಯಾವುದು ಬೇಕೋ ಆರಿಸಿಕೊಳ್ಳಿ ಎಂದು ಬಳಕೆದಾರರಿಗೇ ಬಿಟ್ಟಿತು. ಅದರ ಮೆನುಗಳನ್ನು ಕನ್ನಡದಲ್ಲೂ ಪಡೆಯಬಹುದು.

ಕನ್ನಡದ ಮಾತು ಬಂದದ್ದರಿಂದ ಇನ್ನೊಂದು ಸಂಗತಿ ಹೇಳಬೇಕು. ವರ್ಡ್‌ನ ಮೊದಲ ಟ್ಯಾಬಿನಲ್ಲೇ, ಅಕ್ಷರದ ಗಾತ್ರದ ಪಕ್ಕದಲ್ಲಿ, ದೊಡ್ಡ 'ಎ' ಮತ್ತು ಚಿಕ್ಕ 'ಎ' ಇರುವ ಒಂದು ಗುಂಡಿಯಿದೆ. ರೋಮನ್ ಲಿಪಿಯ ದೊಡ್ಡಕ್ಷರ ಚಿಕ್ಕಕ್ಷರಗಳನ್ನು ಅದಲು ಬದಲು ಮಾಡುವುದು ಅದರ ಕೆಲಸ. ನಮ್ಮ ಲಿಪಿಯಲ್ಲಿ ಆ ಭೇದವೇ ಇಲ್ಲ. ಓರೆ ಅಕ್ಷರದ 'ಐ' ಗುಂಡಿಯೂ ಹೆಚ್ಚು ಉಪಯೋಗದ್ದಲ್ಲ. ಕನ್ನಡದ ಬಹುಪಾಲು ಫಾಂಟ್‌ಗಳಲ್ಲಿ ಓರೆ ಅಕ್ಷರವನ್ನು ಬೇರೆಯಾಗಿ ಬರೆದಿರುವುದಿಲ್ಲ, ತಂತ್ರಾಂಶವೇ ನೆಟ್ಟಗಿನದನ್ನು ವಾಲಿಸುತ್ತದೆ. ನಮ್ಮ ದುಂಡು ಅಕ್ಷರಕ್ಕೆ ಆ ವಾಲಿಕೆ ಒಪ್ಪುವುದಿಲ್ಲ. ಕನ್ನಡ ಬರೆಯುವವರಿಗೆ ಅತಿ ಹೆಚ್ಚು ಬೇಕಾದ, ಭಾಷೆ ಬದಲಿಸುವ ಗುಂಡಿ ಮಾತ್ರ ವರ್ಡ್‌ನ ಕಿಟಕಿಯ ಹೊರಗೆ, ಟಾಸ್ಕ್‌ಬಾರಿನ ಮೂಲೆಯಲ್ಲಿದೆ.

ವರ್ಡ್‌ನಲ್ಲಿ 'ಕಸ್ಟಮೈಸ್ ರಿಬ್ಬನ್' ಎಂಬಲ್ಲಿ ಸ್ವಂತ ಟ್ಯಾಬ್ ಕಟ್ಟಿಕೊಳ್ಳಬಹುದು, ಅದಕ್ಕೆ ಕನ್ನಡದಲ್ಲೇ ಹೆಸರಿಡಬಹುದು. ನಾನು ಇಟ್ಟ ಹೆಸರು 'ಬರವಣಿಗೆ'. ಒಂಬತ್ತು ಗುಂಡಿಗಳನ್ನು ಸಾಲಾಗಿ ಜೋಡಿಸಿದ್ದೇನೆ: ಹುಡುಕುವುದು, ಬದಲಿಸುವುದು, ಪದ ಎಣಿಸುವುದು, ಟಿಪ್ಪಣಿ ಹಾಕುವುದು, ತಿದ್ದುಪಡಿ ತೋರಿಸುವುದು, ಇಂಥವು. ಉಳಿದ ಟ್ಯಾಬ್‌ಗಳು ಅಟ್ಟದಲ್ಲಿವೆ. ಈ ಲೇಖನವನ್ನು ಬರೆಯುವಾಗ ಅಲ್ಲಿಗೆ ಒಮ್ಮೆ ಮಾತ್ರ ಹತ್ತಿದೆ, ದೊಡ್ಡ 'ಎ' ಚಿಕ್ಕ 'ಎ' ಗುಂಡಿ ಇರುವ ಜಾಗ ಯಾವುದೆಂದು ಖಚಿತಪಡಿಸಿಕೊಳ್ಳಲು.