ಗರಸಿನ ದಾರಿ, ಸೌಡಿಯ ಸೈಕಲ್ಲು

ದಾವಣಗೆರೆಯ ಕೆ.ಬಿ. ಬಡಾವಣೆಯ ಒಂದು ಮನೆಯ ಕಟ್ಟೆಗೆ ಒರಗಿ ನಿಂತ ಸೈಕಲ್ಲಿಗೆ ಮುಂದಿನ ಮಡ್‌ಗಾರ್ಡ್ ಇಲ್ಲ. ಮುರಿದು ಬಿದ್ದದ್ದಲ್ಲ, ಬೇಕೆಂದೇ ಬಿಚ್ಚಿಸಿದ್ದು. "ಎರೆಮಣ್ಣು ಹತ್ತಿದ್ರೆ ಚಕ್ರ ಒಂದು ಸುತ್ತೂ ತಿರುಗಲ್ಲಪ. ಕಡ್ಡಿ ತಗಂಡು ಕೆರಕೊಂತ ಕೂತ್ರೆ ನೀರು ನನಗೋಸ್ಕರ ನಿಲ್ತತಾ?" ಎಂದರು ಆ ಮನೆಯ ಅಜ್ಜ. ವಯಸ್ಸು ಎಂಬತ್ತರ ಹತ್ತಿರ. ಭದ್ರಾ ನಾಲೆಯಲ್ಲಿ ನೀರು ನೋಡಿಕೊಳ್ಳುವ ಸೌಡಿಯಾಗಿ ದುಡಿದವರು. ಹಳ್ಳಿ ಬಿಟ್ಟು ಮಗನ ಮನೆಗೆ ಬಂದಾಗ ಮರೆಯದೆ ತಂದ ಸಾಮಾನುಗಳಲ್ಲಿ ಈ ಸೈಕಲ್ಲೂ ಒಂದು.

ನಾನು ಹೊರಟಿದ್ದು ಗ್ರಾವೆಲ್ ಸೈಕಲ್ಲುಗಳ ಬಗ್ಗೆ ಬರೆಯಲು. ಹ್ಯಾಂಡಲ್ ರೇಸ್ ಸೈಕಲ್ಲಿನಂತೆ ಬಾಗಿರುತ್ತದೆ. ಟಯರು ಮಾತ್ರ ಅಗಲ, ಹೆಚ್ಚುಕಡಿಮೆ 40 ಮಿ.ಮೀ. ಡಾಂಬರು ಮುಗಿದಲ್ಲಿ ಇಳಿದು ತಳ್ಳಬೇಕಿಲ್ಲ, ಮಣ್ಣಿನ ದಾರಿಯಲ್ಲೂ ಅದೇ ಲಯದಲ್ಲಿ ಹೋಗಬಹುದು. ಅಮೆರಿಕದ ಕಾನ್ಸಸ್ ರಾಜ್ಯದ ಎಂಪೋರಿಯಾ ಎಂಬ ಊರಿನಲ್ಲಿ 2006ರಲ್ಲಿ ಶುರುವಾದ 200 ಮೈಲಿಯ ಜಲ್ಲಿದಾರಿಯ ಸ್ಪರ್ಧೆ ಈ ಹವ್ಯಾಸಕ್ಕೆ ದೊಡ್ಡ ಹೆಸರು ತಂದಿತು. 2022ರಲ್ಲಿ ಇಟಲಿಯಲ್ಲಿ ಇದರ ಮೊದಲ ವಿಶ್ವ ಚಾಂಪಿಯನ್‌ಷಿಪ್ಪೂ ನಡೆಯಿತು. ಇಂಥ ಸೈಕಲ್ಲಿನಲ್ಲಿ ಟಯರಿಗೂ ಫೋರ್ಕಿಗೂ ನಡುವೆ ಅಗಲವಾದ ಜಾಗ ಬಿಟ್ಟಿರುತ್ತಾರೆ, ಕೆಸರು ಸಿಕ್ಕಿಕೊಳ್ಳದಿರಲೆಂದು. ಆ ಜಾಗ ಯಾಕೆ ಬೇಕೆಂಬುದು ಈ ಅಜ್ಜನಿಗೆ ಹಡದಿ ಕಡೆಯ ಎರೆಹೊಲಗಳಲ್ಲೇ ತಿಳಿದಿತ್ತು. ಹಾಗಾಗಿ ಬರೆಯಬೇಕೆಂದುಕೊಂಡಿದ್ದ ಲೇಖನ ಅವರ ಕಟ್ಟೆಯ ಮೇಲೆಯೇ ಕೂತುಬಿಟ್ಟಿತು.

ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ತುಂಬು ಮಟ್ಟ 186 ಅಡಿ, ಅದರಲ್ಲಿ ನಿಲ್ಲುವ ನೀರು ಸುಮಾರು 71.5 ಟಿ.ಎಂ.ಸಿ. ದಾವಣಗೆರೆ ಸೀಮೆಯಲ್ಲಿ ಮಳೆಗಾಲದ ಮಾತು ಶುರುವಾಗುವುದೇ "ಡ್ಯಾಂ ಎಷ್ಟಾತು?" ಎಂಬಲ್ಲಿಂದ. ಬಲದಂಡೆಯ ನೀರು ಚನ್ನಗಿರಿ ಸೀಮೆ ದಾಟಿ ಬರುತ್ತದೆ. ನಾಲೆ, ಉಪನಾಲೆ, ಹೊಲಗಾಲುವೆ ಎಂದು ಕವಲೊಡೆಯುತ್ತ ದಾವಣಗೆರೆ, ಹರಿಹರದ ಗದ್ದೆಗಳನ್ನು ಮುಟ್ಟುವಷ್ಟರಲ್ಲಿ ದಣಿದಿರುತ್ತದೆ. ಕೊನೆಭಾಗದ ರೈತನಿಗೆ ನೀರು ಸಿಗಬೇಕಾದರೆ ಮೇಲಿನ ತೂಬುಗಳು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಬೇಕು. ಆ ಕೆಲಸ ಸೌಡಿಯದು.

"ಬೆಳಿಗ್ಗೆ ಕೋಳಿ ಕೂಗೋಕೆ ಮುಂಚೆ ಏರಿ ಮೇಲಿರ್ತಿದ್ದೆ. ಬಾರಿಗೆ ಗುದ್ದಲಿ, ಕ್ಯಾರಿಯರಿಗೆ ಬುತ್ತಿ, ಹೆಗಲ ಮೇಲೆ ಕಂಬಳಿ," ಎಂದರು. ಸೈಕಲ್ಲಿನ ಬಾರನ್ನು ಹತ್ತಿರದಿಂದ ನೋಡಿದೆ. ಗುದ್ದಲಿಯ ಕಾವು ಉಜ್ಜಿ ಉಜ್ಜಿ ಎರಡು ಕಡೆ ಬಣ್ಣ ಹೋಗಿ ಕಬ್ಬಿಣ ಬೆಳ್ಳಗೆ ಮಿಂಚುತ್ತಿತ್ತು. ನಾಲೆಗೆ ನೀರು ಬಿಟ್ಟ ದಿನಗಳಲ್ಲಿ ರಾತ್ರಿಯೂ ತಿರುಗಬೇಕಿತ್ತು. ಡೈನಮೊ ಹಾಕಿಸಿದ್ದರು, ಆದರೆ ಹಚ್ಚುತ್ತಿದ್ದುದು ಕಡಿಮೆ. ಬೆಳಕು ಕಂಡರೆ ತೂಬು ಎತ್ತಿದವರು ಓಡಿಹೋಗುತ್ತಿದ್ದರು. ಅಂಥವರನ್ನು ಹಿಡಿದದ್ದುಂಟಾ ಎಂದರೆ, "ಹಿಡಿದು ಏನು ಮಾಡ್ಲಿ? ಅವನ ಗದ್ದೇನೂ ಒಣಗ್ತಿತ್ತು. ಸುಮ್ನೆ ತೂಬು ಇಳಿಸಿ ಮುಂದಕ್ಕೆ ಹೋಗ್ತಿದ್ದೆ," ಎಂದರು.

ಆಮೇಲೆ ಅವರು ಹೇಳಿದ ಒಂದು ಮಾತಿಗಾಗಿ ನಾನು ಮತ್ತೆ ಎರಡು ಸಲ ಆ ಮನೆಗೆ ಹೋದೆ. ನಾಲೆ ಎಲ್ಲಿ ಸೋರುತ್ತಿದೆ ಎಂದು ಕತ್ತಲಲ್ಲಿ ಅವರು ತಿಳಿಯುತ್ತಿದ್ದುದು ಟಯರಿನ ದನಿಯಿಂದ. ಏರಿಯ ಮೇಲೆ ಹಾಸಿದ ಗರಸು ಒಣಗಿದ್ದರೆ ಚಕ್ರದ ಕೆಳಗೆ ಚರಚರ ಎನ್ನುತ್ತದೆ. ಒಳಗಿನಿಂದ ನೀರು ಜಿನುಗಿ ಏರಿ ತೇವವಾದಲ್ಲಿ ಆ ದನಿ ಅಡಗುತ್ತದೆ, ಪೆಡಲ್ ಒಂದಿಷ್ಟು ಭಾರವಾಗುತ್ತದೆ. ಅಲ್ಲಿ ಇಳಿದು ಏರಿಯ ಹೊರಮೈಗೆ ಕೈಯಿಟ್ಟು ನೋಡುತ್ತಿದ್ದರು. ತಣ್ಣಗಿದ್ದರೆ ಹತ್ತಿರದ ತೂಬಿನ ನಂಬರು ನೆನಪಿಟ್ಟುಕೊಂಡು ಬೆಳಿಗ್ಗೆ ಮೇಲಿನವರಿಗೆ ಹೇಳುವುದು. "ಗರಸು ಮಾತಾಡ್ತತಿ ತಮ್ಮಾ. ಡಾಂಬರು ಮಾತಾಡಲ್ಲ." ಇಷ್ಟು ಹೇಳಿ ಅವರು ಸುಮ್ಮನಾದರು.

ಅವರು ಓಡಾಡಿದ ಆ ದಾರಿಗಳಲ್ಲಿ ಇಂದು ಸೈಕಲ್ ತುಳಿಯಬೇಕೆನ್ನುವವರಿಗೆ ಈ ಸೀಮೆ ಕೈತುಂಬ ಕೊಡುತ್ತದೆ. ಗಟ್ಟಿ ಏರು ಎಲ್ಲೂ ಇಲ್ಲ. ನೀರು ತಾನಾಗಿ ಹರಿಯುವ ಇಳಿಜಾರು ಸೈಕಲ್ಲಿಗೂ ಹಿತ. ಮೊದಲ ಸಲದವರಿಗೆ ಕುಂದುವಾಡ ಕೆರೆ ಸಾಕು. ನಗರದ ಕುಡಿಯುವ ನೀರಿನ ಕೆರೆ ಅದು, ಬೆಳಗಿನ ಹೊತ್ತು ಹಕ್ಕಿಗಳೂ ವಾಕಿಂಗಿಗೆ ಬಂದವರೂ ಸೇರಿ ಗಲಗಲ ಎನ್ನುತ್ತದೆ. ಹಾಗೇ ಮುಂದೆ ಬಾತಿ ಗುಡ್ಡದ ಕಡೆ ಸಾಗಬಹುದು. ಶಾಮನೂರಿನ ಬಳಿ ನಾಲೆಯ ಏರಿ ಹಿಡಿದರೆ ಎಡಕ್ಕೆ ನೀರು, ಬಲಕ್ಕೆ ಭತ್ತ, ಅಡಿಕೆ ತೋಟ. ದೇವರಬೆಳಕೆರೆಯ ಪಿಕಪ್ ಅಣೆಕಟ್ಟು ಇನ್ನೊಂದು ಗುರಿ. ಜಲಕಳೆ ಹಬ್ಬಿದಾಗ ದೂರದಿಂದ ಹಸಿರು ಬಯಲಿನಂತೆ ಕಂಡು ಕಣ್ಣಿಗೆ ಮೋಸ ಮಾಡುತ್ತದೆ. ಉತ್ತರಕ್ಕೆ ಹೊರಟರೆ ಕೊಂಡಜ್ಜಿ. ಕುರುಚಲು ಕಾಡು, ಕೆರೆ, ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರದ ತಾಣ.

ಒಂದು ದಿನ ಪೂರ್ತಿ ಇಟ್ಟುಕೊಂಡವರು ಸೂಳೆಕೆರೆಗೆ ಹೋಗಬೇಕು. ಶಾಂತಿಸಾಗರವೆಂದೂ ಕರೆಯುವ ಈ ಕೆರೆಯನ್ನು ಶಾಂತವ್ವ ಎಂಬಾಕೆ ಕಟ್ಟಿಸಿದಳೆಂದು ಸೀಮೆಯ ಮಾತು. ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಗೆ ಉದ್ದ ಕಡಿಮೆಯ ಒಂದು ಏರಿ ಹಾಕಿ ಅಷ್ಟು ದೊಡ್ಡ ನೀರನ್ನು ನಿಲ್ಲಿಸಿದ ಜಾಣ್ಮೆ ನೋಡಿದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಅಲ್ಲಿಂದ ಹೊರಡುವ ಹರಿದ್ರಾ ಹಳ್ಳ ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಹಳ್ಳ ತೋರಿದ ದಿಕ್ಕಿನಲ್ಲೇ ಸೈಕಲ್ ತಿರುಗಿಸಿದರೆ ಸಂಜೆಗೆ ಹರಿಹರ. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 13ನೇ ಶತಮಾನದಲ್ಲಿ ಕಟ್ಟಿಸಿದ ಹರಿಹರೇಶ್ವರ ಗುಡಿಯ ಕಲ್ಲುಕಂಬಕ್ಕೆ ಬೆನ್ನು ಕೊಟ್ಟು ಕೂತಾಗ ಕಾಲಿನ ನೋವು ತಾನಾಗಿ ಇಳಿಯುತ್ತದೆ. ಹೊಳೆದಂಡೆ ಹಿಡಿದು ರಾಜನಹಳ್ಳಿವರೆಗೂ ಹೋಗಬಹುದು. ದಾವಣಗೆರೆಯ ನಲ್ಲಿಗಳಿಗೆ ನೀರೆತ್ತುವುದೂ, 22 ಕೆರೆ ತುಂಬಿಸುವ ಯೋಜನೆಗೆ ನೀರೆತ್ತುವುದೂ ಅಲ್ಲಿಂದಲೇ.

ಇದಕ್ಕೆಲ್ಲ ದುಬಾರಿ ಸೈಕಲ್ಲೇ ಬೇಕೆಂದಿಲ್ಲ. ಟಯರಿನ ಗಾಳಿ ಸ್ವಲ್ಪ ಇಳಿಸಿ, ಪಂಪು, ಪಂಕ್ಚರ್ ಸಾಮಾನು ಜೊತೆಗಿಟ್ಟುಕೊಂಡರೆ ಮನೆಯ ಸೈಕಲ್ಲೂ ನಡೆಯುತ್ತದೆ. ನಾಲೆಗೆ ತಡೆಗೋಡೆ ಇಲ್ಲದ ಕಡೆಗಳೇ ಹೆಚ್ಚು, ನೀರಿನ ಸೆಳೆತ ಮೇಲಕ್ಕೆ ಕಾಣುವುದಿಲ್ಲ. ಕತ್ತಲಲ್ಲಿ, ಮಳೆಯಲ್ಲಿ ಏರಿ ಹತ್ತಬೇಡಿ. ಸುಗ್ಗಿಯಲ್ಲಿ ದಾರಿಯ ಮೇಲೆ ಭತ್ತ ಹರವಿದ್ದರೆ ಇಳಿದು ಪಕ್ಕದಲ್ಲಿ ತಳ್ಳಿಕೊಂಡು ಹೋಗಿ.

2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿದಾಗ ಈ ಏರಿಗಳ ಮೇಲೆ ಶಾಲೆಗೆ ಹೋಗುವ ಹುಡುಗಿಯರ ಸಾಲು ಕಾಣುತ್ತಿತ್ತಂತೆ. "ಬೆಲ್ಲು ಹೊಡಕೊಂತ ಹೋಗಾರು. ನಾನು ಬದಿಗೆ ನಿಂತು ದಾರಿ ಬಿಡ್ತಿದ್ದೆ," ಎಂದು ಅಜ್ಜ ನಕ್ಕರು. ಈಗ ಆ ಸಾಲು ಇಲ್ಲ. ಏರಿಯ ಮೇಲೆ ಬೈಕುಗಳು ಧೂಳೆಬ್ಬಿಸುತ್ತವೆ, ಕೆಲವು ಕಡೆ ಊರಿನ ಕಸ ಬಂದು ಬೀಳುತ್ತದೆ. ಕೆಲವು ಕಡೆ ಗರಸು ಕೊಚ್ಚಿಹೋಗಿ ಗುಂಡಿ ಬಿದ್ದಿದೆ. ಗರಸಿನ ದಾರಿ ಎಂದರೆ ಇನ್ನೂ ಡಾಂಬರು ಕಾಣದ ಬಡ ದಾರಿ ಎಂಬ ಎಣಿಕೆ ನಮ್ಮಲ್ಲಿ ಬಲವಾಗಿದೆ. ಊರಿಂದೂರಿಗೆ ಹೋಗುವ ರಸ್ತೆಗೆ ಡಾಂಬರು ಬೇಕು, ನಿಜ. ನಾಲೆಯ ಏರಿಗೆ ಮಾತ್ರ ವರ್ಷಕ್ಕೊಮ್ಮೆ ಗರಸು ಹಾಸಿ ರೋಲರ್ ಹೊಡೆಸಿ, ಸಾಲಾಗಿ ಹೊಂಗೆ ನೆಟ್ಟರೆ ಸಾಕು. ಗಾಡಿ ಹೊಡೆಯುವ ರೈತನಿಗೂ ನೆರಳು, ಸೈಕಲ್ಲಿನವರಿಗೂ ನೆರಳು.

ಕೊನೆಯ ಸಲ ಅಜ್ಜನನ್ನು ನೋಡಲು ಹೋದದ್ದು ಒಂದು ಸುದ್ದಿ ಹೇಳಲು. ಹಿಂದಿನ ದಿನ ಬೆಳಿಗ್ಗೆ ಏರಿಯ ಮೇಲೆ ಸೈಕಲ್ ತುಳಿಯುತ್ತಿದ್ದಾಗ ಒಂದು ಕಡೆ ಚರಚರ ದನಿ ತಟ್ಟನೆ ಅಡಗಿತ್ತು. ಇಳಿದು ನೋಡಿದೆ. ಏರಿಯ ಕೆಳಗೆ ಹುಲ್ಲು ಅಷ್ಟು ದೂರ ಮಾತ್ರ ಕಡುಹಸಿರಾಗಿತ್ತು, ಕೈಯಿಟ್ಟರೆ ಮಣ್ಣು ತಣ್ಣಗಿತ್ತು.

ಅಜ್ಜ ಕೂತಲ್ಲಿಂದ ಅರ್ಧ ಎದ್ದರು. "ಯಾವ ತೂಬಿನ ಹತ್ರ?"

ನಾನು ನಂಬರು ನೋಡಿರಲಿಲ್ಲ.

"ನಂಬರು ನೋಡಬೇಕಾಗಿತ್ತಪ," ಎಂದರು. ಎದ್ದವರು ಹಾಗೇ ಹೋಗಿ ಸೈಕಲ್ಲಿನ ಮುಂದಿನ ಟಯರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಗಾಳಿ ಇರಲಿಲ್ಲ.