ಸ್ವರಮೇಳ ರಚನೆಗೆ ಗಣಕಯಂತ್ರದ ನೆರವು

ಭಾರತೀಯ ಸಂಗೀತದ ಜೀವಾಳ ರಾಗ. ಅದರಲ್ಲಿ ಸ್ವರಗಳು ಒಂದರ ಹಿಂದೊಂದರಂತೆ ಹರಿದು ಬರುತ್ತವೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಾದರೋ ಹಲವು ಸ್ವರಗಳು ಏಕಕಾಲದಲ್ಲಿ ನುಡಿಯುತ್ತವೆ. ಷಡ್ಜ, ಅಂತರ ಗಾಂಧಾರ, ಪಂಚಮಗಳನ್ನು ಒಟ್ಟಿಗೆ ನುಡಿಸಿದಾಗ ಹೊಮ್ಮುವ ನಾದವೇ ಇದಕ್ಕೆ ಸರಳ ನಿದರ್ಶನ. ಹಾರ್ಮನಿ ಎಂದು ಕರೆಯಲ್ಪಡುವ ಈ ಸ್ವರಮೇಳವನ್ನು ಸಾಮಾನ್ಯವಾಗಿ ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂಬ ನಾಲ್ಕು ಧ್ವನಿಗಳಿಗೆ ರಚಿಸುವುದು ವಾಡಿಕೆ.

ಪ್ರತಿಯೊಂದು ಧ್ವನಿಯೂ ಸ್ವತಂತ್ರವಾಗಿ ಹಾಡಲು ಯೋಗ್ಯವಾಗಿರಬೇಕು; ಕೂಡಿದಾಗಲೂ ಇಂಪಾಗಿರಬೇಕು. ಷಡ್ಜ-ಪಂಚಮದ ಅಂತರದಲ್ಲಿರುವ ಎರಡು ಧ್ವನಿಗಳು ಅದೇ ಅಂತರದಲ್ಲಿ ಜೊತೆಯಾಗಿ ಚಲಿಸಿದರೆ ಅವುಗಳ ಸ್ವಾತಂತ್ರ್ಯ ಅಳಿಯುತ್ತದೆಂದು ಆ ಚಲನೆಯನ್ನು ಶಾಸ್ತ್ರ ನಿಷೇಧಿಸುತ್ತದೆ. ಇಂತಹ ಧ್ವನಿಚಲನೆಯ ನಿಯಮಗಳನ್ನು ಯೋಹಾನ್ ಯೋಸೆಫ್ ಫುಕ್ಸ್ 1725ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕ್ರಮಬದ್ಧವಾಗಿ ನಿರೂಪಿಸಿದನು. ಎಂಟು ಸ್ವರಗಳ ಪುಟ್ಟ ಸಾಲಿನಲ್ಲಿ ಪ್ರತಿ ಸ್ವರಕ್ಕೂ ಮೂರು ಮೇಳಗಳು ಒಪ್ಪುವುದಾದರೆ, ಸಾಧ್ಯವಾದ ಜೋಡಣೆಗಳು 6,561. ಯಂತ್ರದ ನೆರವು ಬೇಕೆನಿಸಿದುದು ಸಹಜ.

1957ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಲೆಜಾರನ್ ಹಿಲ್ಲರ್ ಮತ್ತು ಲೆನಾರ್ಡ್ ಐಸಾಕ್ಸನ್ ಎಂಬವರು ಇಲಿಯಾಕ್ ಎಂಬ ಗಣಕಯಂತ್ರದ ಸಹಾಯದಿಂದ ನಾಲ್ಕು ತಂತಿವಾದ್ಯಗಳಿಗೆ ಒಂದು ಕೃತಿಯನ್ನು ರೂಪಿಸಿದರು. ಯಂತ್ರವು ಸ್ವರಗಳನ್ನು ಯಾದೃಚ್ಛಿಕವಾಗಿ ಆರಿಸಿ, ನಿಯಮಗಳಿಗೆ ಹೊಂದದವನ್ನು ತ್ಯಜಿಸುತ್ತಿತ್ತು. 1980ರ ದಶಕದಲ್ಲಿ ಕೆಮಾಲ್ ಎಬ್ಜಿಯೊಗ್ಲು ಸುಮಾರು 350 ನಿಯಮಗಳನ್ನು ಅಳವಡಿಸಿ, ಬಾಖ್‌ನ ಶೈಲಿಯಲ್ಲಿ ಮೇಳ ಕೂಡಿಸುವ ವ್ಯವಸ್ಥೆಯೊಂದನ್ನು ನಿರ್ಮಿಸಿದನು. 2019ರಲ್ಲಿ ಗೂಗಲ್ ಸಂಸ್ಥೆ ಪ್ರಕಟಿಸಿದ ಸಾಧನವು ಬಾಖ್‌ನ 306 ರಚನೆಗಳ ಮಾದರಿಗಳಿಂದಲೇ ಕಲಿತು ಮೇಳ ಕೂಡಿಸಿತು.

ಇಂದಿನ ರಚನಕಾರನಿಗೆ ನಿತ್ಯೋಪಯೋಗಿಯಾದುದು ಸ್ವರಲಿಪಿಯ ತಂತ್ರಾಂಶ. ಬರೆದುದನ್ನು ಒಡನೆಯೇ ನುಡಿಸಿ ಕೇಳಿಸುವುದರಿಂದ ದೋಷವು ಕಿವಿಗೇ ತಿಳಿಯುತ್ತದೆ. ಸಿಬೆಲಿಯಸ್, ಡೊರಿಕೊಗಳ ಪೂರ್ಣ ಆವೃತ್ತಿಗಳಿಗೆ ಹಣ ತೆರಬೇಕು. ಮ್ಯೂಸ್‌ಸ್ಕೋರ್ ಹಾಗೂ ಲಿಲಿಪಾಂಡ್ ಉಚಿತ. ಲಿಲಿಪಾಂಡ್‌ನಲ್ಲಿ ಸ್ವರಗಳನ್ನು ಅಕ್ಷರಗಳಲ್ಲಿ ಬರೆದುಕೊಟ್ಟರೆ ಅದು ಅಂದವಾದ ಮುದ್ರಿತ ಪುಟವನ್ನು ಸಿದ್ಧಪಡಿಸುತ್ತದೆ.

ಸಾಧನದ ದಕ್ಷತೆಯನ್ನು ವೇಗದಿಂದ ಮಾತ್ರ ಅಳೆಯಲಾಗದು. 1988ರಲ್ಲಿ ಬಂದ ಫಿನಾಲೆ ಎಂಬ ಪ್ರಸಿದ್ಧ ತಂತ್ರಾಂಶದ ಅಭಿವೃದ್ಧಿಯನ್ನು ಅದರ ಒಡೆಯರು 2024ರಲ್ಲಿ ನಿಲ್ಲಿಸಿದರು. ಮೂರು ದಶಕಗಳ ದುಡಿಮೆಯನ್ನು ಅದರಲ್ಲಿಯೇ ಕೂಡಿಟ್ಟವರಿಗೆ ತಮ್ಮ ಕೃತಿಗಳನ್ನು ಉಳಿಸಿಕೊಳ್ಳುವ ಚಿಂತೆ ಎದುರಾಯಿತು. ಆದುದರಿಂದ ಮ್ಯೂಸಿಕ್‌ಎಕ್ಸ್‌ಎಂಎಲ್ ಎಂಬ ಮುಕ್ತ ರೂಪದಲ್ಲಿಯೂ ಪ್ರತಿಯನ್ನು ಇರಿಸುವುದು ವಿವೇಕ. ಅದನ್ನು ಇತರ ತಂತ್ರಾಂಶಗಳೂ ಓದಬಲ್ಲವು. ಕಲಿಯುವವನು ಮೊದಲು ರಾಗದ ಸಾಲನ್ನೂ ಬಾಸ್ ಧ್ವನಿಯನ್ನೂ ತಾನೇ ಬರೆದು, ಹಾಡಿ ನೋಡಿ, ಅನಂತರ ಯಂತ್ರದಿಂದ ಪರೀಕ್ಷಿಸಿಕೊಳ್ಳುವುದು ಲೇಸು. ನಿಯಮಭಂಗವನ್ನು ಯಂತ್ರ ತೋರಿಸೀತು. ಆ ಭಂಗವೇ ಅಲ್ಲಿ ಸೊಗಸೋ ಅಲ್ಲವೋ ಎಂಬುದನ್ನು ನಿರ್ಣಯಿಸಬೇಕಾದುದು ಪಳಗಿದ ಕಿವಿ. ಆ ಕಿವಿಯನ್ನು ಪಳಗಿಸುವುದು ಗುರುವಿನ ಕಾರ್ಯ.